ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಕೇಸ್ ವಜಾ ಆಯಿತು ಅಂದರೆ ಏನಾಯಿತು?

"ಅಮೆರಿಕದ ಕೋರ್ಟಿನಲ್ಲಿ ಹಾಕಿದ್ದ ಕೇಸ್ ವಜಾ" ಅಂತ ಒಂದು ಸಾಲಿನ ಸುದ್ದಿ ಬಂದ ಕೂಡಲೇ ಎರಡು ಥರದ ಮಾತು ಶುರುವಾಗುತ್ತದೆ. ಒಬ್ಬರು "ನೋಡಿದ್ರಾ, ಆರೋಪ ಸುಳ್ಳು ಅಂತ ಕೋರ್ಟೇ ಹೇಳಿಬಿಡ್ತು" ಅನ್ನುತ್ತಾರೆ. ಇನ್ನೊಬ್ಬರು "ದುಡ್ಡಿದ್ದವರಿಗೆ ಎಲ್ಲಾ ಕಡೆ ನಡೆಯುತ್ತೆ ಬಿಡಿ" ಅನ್ನುತ್ತಾರೆ. ಆದೇಶ ತೆಗೆದು ಓದಿದರೆ ಎಷ್ಟೋ ಸಲ ಈ ಎರಡೂ ಮಾತಿಗೆ ಅಲ್ಲಿ ಆಧಾರವೇ ಸಿಗುವುದಿಲ್ಲ. ಯಾಕೆಂದರೆ ಯಾರು ಸರಿ, ಯಾರು ತಪ್ಪು ಅನ್ನುವ ವಿಷಯಕ್ಕೆ ಜಡ್ಜ್ ಕೈಯನ್ನೇ ಹಾಕಿರುವುದಿಲ್ಲ. ಸಾಕ್ಷಿ ಕರೆದಿಲ್ಲ, ಪಾಟೀ ಸವಾಲು ನಡೆದಿಲ್ಲ, ಜ್ಯೂರಿ (ಅಂದರೆ ತೀರ್ಪು ಕೊಡಲು ಆರಿಸಿದ ಸಾಮಾನ್ಯ ನಾಗರಿಕರ ತಂಡ) ಕೂತಿಲ್ಲ. ಬರೀ ಕಾಗದ ನೋಡಿ "ಇದನ್ನು ನಾನು ಇಲ್ಲಿ ನಡೆಸಲಾಗದು" ಅಂದಿರುತ್ತಾರೆ ಅಷ್ಟೇ.

ಅದಕ್ಕೆ ಕಾರಣಗಳು ಬೇರೆ ಬೇರೆ. ಆ ಕಾರಣ ಯಾವುದು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಇಲ್ಲಿ ಹೇಳುವುದು ಸಿವಿಲ್ ಕೇಸಿನ ವಿಷಯ ಮಾತ್ರ, ಅಂದರೆ ಪರಿಹಾರ ಕೊಡಿ, ಕರಾರಿನಂತೆ ನಡೆದುಕೊಳ್ಳಿ, ಈ ಕೆಲಸ ನಿಲ್ಲಿಸಿ ಅಂತ ಕೇಳುವ ದಾವೆಗಳು. ಜೈಲು ಶಿಕ್ಷೆಯ ಕ್ರಿಮಿನಲ್ ಕೇಸುಗಳ ದಾರಿ ಬೇರೆ.

ಫೆಡರಲ್ ಕೋರ್ಟ್ ಅಂದರೆ ಯಾವುದು?

ನಮ್ಮಲ್ಲಿ ಕೋರ್ಟುಗಳದ್ದು ಒಂದೇ ಏಣಿ. ತಾಲ್ಲೂಕಿನ ಸಿವಿಲ್ ಕೋರ್ಟಿನಿಂದ ಹಿಡಿದು ಜಿಲ್ಲಾ ಕೋರ್ಟ್, ಹೈಕೋರ್ಟ್, ಸುಪ್ರೀಂ ಕೋರ್ಟ್. ಕೇಂದ್ರದ ಕಾನೂನಿರಲಿ, ರಾಜ್ಯದ ಕಾನೂನಿರಲಿ, ಅದೇ ಜಡ್ಜ್ ನೋಡುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಪ್ರತಿ ರಾಜ್ಯಕ್ಕೂ ಅದರದ್ದೇ ಕೋರ್ಟುಗಳಿವೆ. ಅವುಗಳ ಪಕ್ಕದಲ್ಲೇ ಕೇಂದ್ರ ಸರ್ಕಾರದ ಕೋರ್ಟುಗಳೂ ಇವೆ. ಇವೇ ಫೆಡರಲ್ ಕೋರ್ಟುಗಳು. ಕೆಳಗೆ 94 ಡಿಸ್ಟ್ರಿಕ್ಟ್ ಕೋರ್ಟ್, ಅದರ ಮೇಲೆ 13 ಅಪೀಲು ಕೋರ್ಟ್, ಎಲ್ಲಕ್ಕಿಂತ ಮೇಲೆ ಸುಪ್ರೀಂ ಕೋರ್ಟ್.

ದಿನನಿತ್ಯದ ಜಗಳಗಳು, ಅಂದರೆ ಬಾಡಿಗೆ, ವಿಚ್ಛೇದನ, ಆಸ್ತಿ, ಸಾಲ, ಹೆಚ್ಚಾಗಿ ರಾಜ್ಯದ ಕೋರ್ಟಿಗೇ ಹೋಗುತ್ತವೆ. ಫೆಡರಲ್ ಕೋರ್ಟಿಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಒಂದು, ನಿಮ್ಮ ದೂರು ಅಮೆರಿಕದ ಕೇಂದ್ರ ಕಾನೂನಿನ ಅಥವಾ ಸಂವಿಧಾನದ ಮೇಲೆ ನಿಂತಿರಬೇಕು. ಎರಡು, ಎರಡು ಕಡೆಯವರೂ ಬೇರೆ ಬೇರೆ ರಾಜ್ಯದ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ಬೇರೆ ದೇಶದವರಾಗಿರಬೇಕು. ಈ ಎರಡನೆಯದಕ್ಕೆ ಕೇಳುತ್ತಿರುವ ಮೊತ್ತವೂ 75,000 ಡಾಲರಿಗಿಂತ ಜಾಸ್ತಿ ಇರಬೇಕು.

ಈ ಎರಡನೇ ದಾರಿಯಲ್ಲಿ ಅಲ್ಲಿರುವ ನಮ್ಮವರಿಗೆ ಒಂದು ವಿಚಿತ್ರ ತಿರುವು ಇದೆ. ಎಚ್-1ಬಿ ವೀಸಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿರುವ ಭಾರತೀಯ ಪ್ರಜೆಗೂ ಅಲ್ಲಿಯ ಒಬ್ಬ ಅಮೆರಿಕನ್ ಪ್ರಜೆಗೂ ಲಕ್ಷ ಡಾಲರಿನ ಕರಾರಿನ ತಕರಾರು ಬಂದರೆ ಫೆಡರಲ್ ಕೋರ್ಟಿಗೆ ಹೋಗಬಹುದು. ಅದೇ ಮನುಷ್ಯನಿಗೆ ಗ್ರೀನ್ ಕಾರ್ಡ್ ಸಿಕ್ಕು ಅದೇ ರಾಜ್ಯದಲ್ಲಿ ನೆಲೆಸಿದ್ದರೆ ಈ ದಾರಿ ಇಲ್ಲ. ರಾಜ್ಯದ ಕೋರ್ಟಿಗೇ ಹೋಗಬೇಕು. ಗೊತ್ತಿಲ್ಲದೆ ಫೆಡರಲ್ ಕೋರ್ಟಿನಲ್ಲಿ ಹಾಕಿದರೆ ಕೇಸ್ ವಜಾ. ಮೋಸ ಆಗಿದ್ದು ನಿಜವೋ ಸುಳ್ಳೋ, ಆ ಮಾತೇ ಬರುವುದಿಲ್ಲ.

ಇದಕ್ಕೆ ನ್ಯಾಯವ್ಯಾಪ್ತಿ ಅನ್ನುತ್ತಾರೆ. ಇದರ ಬಿಗಿ ಎಷ್ಟೆಂದರೆ, ವ್ಯಾಪ್ತಿ ಇಲ್ಲ ಅಂತ ಯಾವ ಹಂತದಲ್ಲಿ ಬೇಕಾದರೂ ಎತ್ತಬಹುದು. ಯಾರೂ ಎತ್ತದಿದ್ದರೆ ಜಡ್ಜ್ ತಾವೇ ಎತ್ತಬೇಕು. ವಿಚಾರಣೆ ಮುಗಿದು ಜ್ಯೂರಿ ತೀರ್ಪು ಕೊಟ್ಟ ಮೇಲೂ ಆಗಬಹುದು. 2021ರ ಟ್ರಾನ್ಸ್‌ಯೂನಿಯನ್ ಕೇಸಿನಲ್ಲಿ ಹಾಗೇ ಆಯಿತು. ಸಾಲದ ವರದಿ ತಯಾರಿಸುವ ಆ ಕಂಪನಿ 8,185 ಜನರ ಕಡತದಲ್ಲಿ, ಇವರ ಹೆಸರು ಸರ್ಕಾರದ ಭಯೋತ್ಪಾದಕರ ಪಟ್ಟಿಯ ಹೆಸರಿಗೆ ಹೊಂದಬಹುದು ಅಂತ ಗುರುತು ಹಾಕಿತ್ತು. ಅದರಲ್ಲಿ 1,853 ಜನರ ವರದಿ ಮಾತ್ರ ಹೊರಗಿನವರ ಕೈಗೆ ಹೋಗಿತ್ತು. ಜ್ಯೂರಿ ಎಲ್ಲರ ಪರವಾಗಿ ತೀರ್ಪು ಕೊಟ್ಟಿತ್ತು. ಆದರೆ ಉಳಿದ 6,332 ಜನರಿಗೆ ನಿಜವಾದ ಹಾನಿ ಆಗಿಲ್ಲ, ಹಾಗಾಗಿ ಆ ಹಣ ಕೇಳಿ ಫೆಡರಲ್ ಕೋರ್ಟಿಗೆ ಬರುವ ಹಕ್ಕೇ ಅವರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ಕಂಪನಿ ಮಾಡಿದ್ದು ಸರಿ ಅಂತೇನೂ ಹೇಳಲಿಲ್ಲ.

ಕೇಸ್ ಹಾಕಿದ ಮೇಲೆ ಮೊದಲ 21 ದಿನ

ಶುರುವಾಗುವುದು ವಾದಪತ್ರದಿಂದ. ಏನಾಯಿತು, ಯಾರು ಮಾಡಿದರು, ಏನು ಬೇಕು ಅಂತ ಬರೆದ ಕಾಗದ ಅದು. ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಅದನ್ನು ಸಲ್ಲಿಸಲು ಈಗ 405 ಡಾಲರ್ ಶುಲ್ಕ. ಹತ್ತು ಸಾವಿರ ಕೇಳಿದರೂ ಅಷ್ಟೇ, ಹತ್ತು ಕೋಟಿ ಕೇಳಿದರೂ ಅಷ್ಟೇ. ನಮ್ಮಲ್ಲಿ ಹಣದ ದಾವೆಗೆ ಮೊತ್ತ ಏರಿದಂತೆ ಕೋರ್ಟ್ ಫೀಸೂ ಏರುತ್ತದೆ, ಹಾಗಾಗಿ ದೊಡ್ಡ ಮೊತ್ತ ಬರೆಯುವ ಮುಂಚೆ ಜನ ಸ್ವಲ್ಪ ಯೋಚಿಸುತ್ತಾರೆ. ಅಲ್ಲಿ ಆ ತಡೆ ಇಲ್ಲ. ನೂರು ಕೋಟಿ ಡಾಲರಿನ ದಾವೆ ಅಂತ ಸುದ್ದಿ ಓದಿದಾಗ ಇದು ನೆನಪಿರಲಿ.

ಸಮನ್ಸನ್ನು 90 ದಿನದೊಳಗೆ ಪ್ರತಿವಾದಿಗೆ ಮುಟ್ಟಿಸಬೇಕು. ಮುಟ್ಟಿದ ಮೇಲೆ ಪ್ರತಿವಾದಿಗೆ ಉತ್ತರ ಕೊಡಲು 21 ದಿನ. ಪ್ರತಿವಾದಿ ಅಮೆರಿಕ ಸರ್ಕಾರವೇ ಆಗಿದ್ದರೆ 60 ದಿನ. ಆಗ ಪ್ರತಿವಾದಿಯ ಮುಂದೆ ಎರಡು ಆಯ್ಕೆ. ಒಂದೊಂದು ಆರೋಪಕ್ಕೂ ಹೌದು, ಅಲ್ಲ ಅಂತ ಉತ್ತರ ಕೊಡುವುದು. ಇಲ್ಲವೇ, ಉತ್ತರ ಕೊಡುವ ಮೊದಲೇ "ಈ ಕೇಸೇ ನಿಲ್ಲುವುದಿಲ್ಲ, ವಜಾ ಮಾಡಿ" ಅಂತ ಅರ್ಜಿ ಹಾಕುವುದು. ದೊಡ್ಡ ಕಂಪನಿಗಳ ವಕೀಲರು ಮೊದಲು ಕೈ ಹಾಕುವುದು ಈ ಎರಡನೆಯದಕ್ಕೇ.

ಇಂಥ ಅರ್ಜಿಗೆ ಆಧಾರ 1938ರಿಂದ ಜಾರಿಯಲ್ಲಿರುವ ಫೆಡರಲ್ ಸಿವಿಲ್ ನಿಯಮಗಳ 12ನೇ ನಿಯಮ. ಅದರಲ್ಲಿ ಏಳು ಕಾರಣಗಳಿವೆ. ಕೋರ್ಟಿಗೆ ಈ ವಿಷಯದ ಮೇಲೆ ಅಧಿಕಾರ ಇಲ್ಲ, ಈ ವ್ಯಕ್ತಿಯ ಮೇಲೆ ಅಧಿಕಾರ ಇಲ್ಲ, ಕೇಸ್ ಹಾಕಿದ ಊರು ತಪ್ಪು, ಸಮನ್ಸ್ ಸರಿಯಿಲ್ಲ, ಅದನ್ನು ಮುಟ್ಟಿಸಿದ ರೀತಿ ಸರಿಯಿಲ್ಲ, ಬೇಕೇಬೇಕಾದ ಕಕ್ಷಿದಾರರನ್ನು ಸೇರಿಸಿಲ್ಲ. ಇವು ಆರು. ಏಳನೆಯದು ಎಲ್ಲಕ್ಕಿಂತ ಹೆಚ್ಚು ಸುದ್ದಿ ಮಾಡುವಂಥದ್ದು, ಅದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ವಕೀಲರಿಗೆ ಇದು ತೀರಾ ಹೊಸದಲ್ಲ. ನಮ್ಮ ಸಿವಿಲ್ ಪ್ರೊಸೀಜರ್ ಕೋಡಿನ 7ನೇ ಆರ್ಡರ್, 11ನೇ ರೂಲಿನಲ್ಲಿ ವಾದಪತ್ರ ತಿರಸ್ಕರಿಸುವುದು ಅಂತ ಇದೆಯಲ್ಲ, ಅದರ ದೂರದ ನೆಂಟ.

"ನೀವು ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಳ್ಳೋಣ"

ಪಕ್ಕದ ಮನೆಯವರು ಊರಿಗೆಲ್ಲ ಲಗ್ನಪತ್ರಿಕೆ ಹಂಚಿ ನಿಮ್ಮನ್ನು ಮಾತ್ರ ಮದುವೆಗೆ ಕರೆಯಲಿಲ್ಲ ಅಂತಿಟ್ಟುಕೊಳ್ಳಿ. ಬೇಕಂತಲೇ ಬಿಟ್ಟರು, ನಿಮಗೆ ಅವಮಾನ ಆಯಿತು, ನಾಲ್ಕು ಜನ ಸಾಕ್ಷಿ ಇದ್ದಾರೆ. ಕೋರ್ಟಿಗೆ ಹೋಗಿ ಪರಿಹಾರ ಕೇಳುತ್ತೀರಿ. ಜಡ್ಜ್ ಏನಂತಾರೆ? ನೀವು ಬರೆದ ಒಂದೊಂದು ಅಕ್ಷರವೂ ನಿಜವೇ ಇರಬಹುದು, ಆದರೆ ಮದುವೆಗೆ ಕರೆಯದಿದ್ದರೆ ಪರಿಹಾರ ಕೊಡಿ ಅಂತ ಯಾವ ಕಾನೂನೂ ಹೇಳುವುದಿಲ್ಲ. ಕೇಸ್ ವಜಾ.

ಏಳನೇ ಕಾರಣ ಇದೇ. ವಾದಪತ್ರದಲ್ಲಿ ಹೇಳಿದ ಸಂಗತಿಗಳನ್ನು ನಿಜ ಅಂತಲೇ ಒಪ್ಪಿಕೊಂಡು, ಆಮೇಲೂ ಕಾನೂನಿನ ಪ್ರಕಾರ ಏನಾದರೂ ಸಿಗುತ್ತದಾ ಅಂತ ನೋಡುವುದು. ಸಿಗದಿದ್ದರೆ ವಜಾ. ಹಾಗಾಗಿ ಇಂಥ ಆದೇಶ ಬಂದಾಗ "ಆರೋಪ ಸುಳ್ಳೆಂದು ಸಾಬೀತು" ಅಂತ ಬರೆದರೆ ಅದು ಪೂರ್ತಿ ಉಲ್ಟಾ. ಜಡ್ಜ್ ಆರೋಪವನ್ನು ನಿಜ ಅಂತ ಇಟ್ಟುಕೊಂಡೇ ನೋಡಿದ್ದಾರೆ.

ವಾದಪತ್ರದಲ್ಲಿ ಎಷ್ಟು ವಿವರ ಬರೆಯಬೇಕು ಅನ್ನುವುದು ದೊಡ್ಡ ತಲೆನೋವು. 1957ರ ಒಂದು ತೀರ್ಪಿನಿಂದ ಐವತ್ತು ವರ್ಷ ಇದು ಸಲೀಸಾಗಿತ್ತು. ವಾದಿ ಗೆಲ್ಲುವ ಯಾವ ಸಾಧ್ಯತೆಯೂ ಇಲ್ಲ ಅಂತ ಖಚಿತವಾದರೆ ಮಾತ್ರ ವಜಾ. 2007ರಲ್ಲಿ ಟ್ವಾಂಬ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿ ಮಾಡಿತು. ದೊಡ್ಡ ಟೆಲಿಫೋನ್ ಕಂಪನಿಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡದೆ ಒಳಗೊಳಗೇ ಒಪ್ಪಂದ ಮಾಡಿಕೊಂಡಿವೆ ಅಂತ ಗ್ರಾಹಕರ ದೂರು. ಎಲ್ಲರೂ ಒಂದೇ ಥರ ನಡೆದುಕೊಂಡರು ಅಂದರೆ ಸಾಲದು, ಒಪ್ಪಂದ ಇತ್ತು ಅಂತ ನಂಬಲು ಏನಾದರೂ ಸಂಗತಿ ಹೇಳಿ, ಅಂದಿತು ಕೋರ್ಟ್. ಎರಡು ವರ್ಷದ ಮೇಲೆ 2009ರಲ್ಲಿ ಇಕ್ಬಾಲ್ ಕೇಸ್ ಬಂತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬ್ರೂಕ್ಲಿನ್‌ನಲ್ಲಿ ಬಂಧನದಲ್ಲಿದ್ದ ಪಾಕಿಸ್ತಾನಿ ವ್ಯಕ್ತಿಯೊಬ್ಬರು ಧರ್ಮ ಮತ್ತು ಜನಾಂಗದ ಕಾರಣಕ್ಕೆ ತಮ್ಮನ್ನು ಕಠಿಣವಾಗಿ ನಡೆಸಿಕೊಂಡರು ಅಂತ ಆಗಿನ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್, ಎಫ್‌ಬಿಐ ಮುಖ್ಯಸ್ಥ ರಾಬರ್ಟ್ ಮುಲ್ಲರ್ ಮೇಲೂ ಕೇಸ್ ಹಾಕಿದ್ದರು. ಆ ಇಬ್ಬರಿಗೆ ಇದೆಲ್ಲ ಗೊತ್ತಿತ್ತು, ಅವರೇ ಒಪ್ಪಿಗೆ ಕೊಟ್ಟಿದ್ದರು ಅಂತ ಸುಮ್ನೆ ಬರೆದರೆ ಆಗದು ಅಂತ 5-4ರಲ್ಲಿ ತೀರ್ಪಾಯಿತು. ಜೈಲಿನಲ್ಲಿ ಹೊಡೆದರು ಅನ್ನುವ ಆರೋಪ ಸರಿಯೋ ತಪ್ಪೋ ಅನ್ನುವುದು ಆ ತೀರ್ಪಿನ ವಿಷಯವೇ ಆಗಿರಲಿಲ್ಲ.

ಇಲ್ಲೊಂದು ಗಂಟು ಇದೆ. ಕಂಪನಿಯ ಈಮೇಲು, ಕಡತ, ಮೀಟಿಂಗಿನ ಟಿಪ್ಪಣಿ ಎಲ್ಲಾ ಇರುವುದು ಕಂಪನಿಯ ಹತ್ತಿರ. ಅದನ್ನು ಹೊರಗೆ ತೆಗೆಸುವ ಹಂತಕ್ಕೆ ಅಮೆರಿಕದಲ್ಲಿ ಡಿಸ್ಕವರಿ ಅನ್ನುತ್ತಾರೆ. ಅದು ಬರುವುದು ಸಾಮಾನ್ಯವಾಗಿ ವಜಾ ಅರ್ಜಿಯನ್ನು ದಾಟಿದ ಮೇಲೆ. ದಾಖಲೆ ಕೈಗೆ ಬರುವ ಮೊದಲೇ ದಾಖಲೆಯಲ್ಲಿ ಏನಿದೆ ಅಂತ ಬರೆಯಿರಿ ಅಂದ ಹಾಗಾಯಿತು ಅಂತ ವಾದಿಗಳ ಕಡೆಯವರ ಅಳಲು. ಡಿಸ್ಕವರಿಗೆ ಲಕ್ಷಾಂತರ ಡಾಲರ್ ಖರ್ಚಾಗುತ್ತದೆ, ಬರೀ ಗುಮಾನಿಯ ಮೇಲೆ ಅದನ್ನು ಶುರು ಮಾಡಿಸಿದರೆ ತಪ್ಪಿಲ್ಲದವರೂ ಖರ್ಚಿಗೆ ಹೆದರಿ ರಾಜಿಯಾಗಬೇಕಾಗುತ್ತದೆ ಅಂತ ಪ್ರತಿವಾದಿಗಳ ಕಡೆಯವರ ಮಾತು.

ಭೋಪಾಲ್: ನ್ಯೂಯಾರ್ಕಿನಲ್ಲಿ ವಜಾ ಆದ ಕೇಸ್

12ನೇ ನಿಯಮದ ಹೊರಗೂ ವಜಾ ಮಾಡಲು ಕಾರಣಗಳಿವೆ. ಅದರಲ್ಲೊಂದು ನಮ್ಮ ದೇಶದ ಅತಿ ದೊಡ್ಡ ಕೈಗಾರಿಕಾ ದುರಂತಕ್ಕೆ ನೇರ ತಾಗಿದ್ದು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಡಿಸೆಂಬರ್ 7ಕ್ಕೇ ಅಮೆರಿಕದ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟಿನಲ್ಲಿ ಮೊದಲ ದಾವೆ ದಾಖಲಾಗಿತ್ತು! ಅಮೆರಿಕದ ವಕೀಲರು ವಿಮಾನ ಹತ್ತಿ ಭೋಪಾಲಿಗೆ ಬಂದು ಸಂತ್ರಸ್ತರಿಂದ ಸಹಿ, ಹೆಬ್ಬೆಟ್ಟು ತೆಗೆದುಕೊಂಡು ಹೋದರು. ಅಲ್ಲಿ ಗೆದ್ದರೆ ಮಾತ್ರ ಫೀಸು, ಅದೂ ಪರಿಹಾರದಲ್ಲಿ ಪಾಲು ಅನ್ನುವ ಪದ್ಧತಿ ಇದೆ. ಒಟ್ಟು ಸುಮಾರು 145 ದಾವೆಗಳಾದವು. ಎಲ್ಲವನ್ನೂ 1985ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಜಡ್ಜ್ ಜಾನ್ ಕೀನನ್ ಅವರ ಮುಂದೆ ಸೇರಿಸಿದರು. ಅಷ್ಟರಲ್ಲಿ ಭಾರತ ಸರ್ಕಾರ ಒಂದು ಕಾನೂನು ಮಾಡಿ, ಸಂತ್ರಸ್ತರೆಲ್ಲರ ಪರವಾಗಿ ಕೇಸ್ ನಡೆಸುವ ಅಧಿಕಾರ ತಾನೇ ತೆಗೆದುಕೊಂಡು, ಏಪ್ರಿಲ್‌ನಲ್ಲಿ ಅದೇ ಕೋರ್ಟಿನಲ್ಲಿ ದಾವೆ ಹಾಕಿತು.

ಯಾಕೆ ಅಲ್ಲಿ? ಕಂಪನಿ ಅಮೆರಿಕದ್ದು. ಭಾರತದ ಕಂಪನಿಯಲ್ಲಿ ಅದರ ಪಾಲು ಶೇ 50.9. ಅಲ್ಲಿ ಜ್ಯೂರಿ ಇರುತ್ತದೆ, ಪರಿಹಾರದ ಮೊತ್ತ ದೊಡ್ಡದು, ಕಂಪನಿಯ ಒಳಗಿನ ಕಾಗದಪತ್ರ ಹೊರಗೆ ತೆಗೆಸಬಹುದು.

ಯೂನಿಯನ್ ಕಾರ್ಬೈಡ್ ಏನು ಹೇಳಿತು? ನಮ್ಮ ತಪ್ಪಿಲ್ಲ ಅನ್ನುವ ವಾದಕ್ಕೂ ಮೊದಲು, ಈ ಕೇಸ್ ನಡೆಯಬೇಕಾದ ಜಾಗ ಇದಲ್ಲ, ಭಾರತ ಅಂತ ಅರ್ಜಿ ಹಾಕಿತು. ಈ ತತ್ವಕ್ಕೆ ಫೋರಂ ನಾನ್ ಕನ್ವೀನಿಯೆನ್ಸ್ ಅಂತ ಲ್ಯಾಟಿನ್ ಹೆಸರು. ಕೋರ್ಟಿಗೆ ಅಧಿಕಾರ ಇದ್ದರೂ, ಇನ್ನೊಂದು ಕಡೆ ಸರಿಯಾದ ಕೋರ್ಟ್ ಇದ್ದು, ಸಾಕ್ಷಿ ಪುರಾವೆಗಳೂ ಅಲ್ಲೇ ಇದ್ದರೆ, ಇಲ್ಲಿಯ ಕೇಸನ್ನು ವಜಾ ಮಾಡಬಹುದು. ಸ್ಕಾಟ್ಲೆಂಡಿನಲ್ಲಿ ಆದ ವಿಮಾನ ಅಪಘಾತದ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1981ರಲ್ಲಿ ಇದನ್ನು ಗಟ್ಟಿ ಮಾಡಿತ್ತು. ಹೊರದೇಶದ ವಾದಿ ಅಮೆರಿಕದ ಕೋರ್ಟನ್ನು ಆರಿಸಿಕೊಂಡರೆ ಆ ಆಯ್ಕೆಗೆ ಅಮೆರಿಕನ್ನರ ಆಯ್ಕೆಯಷ್ಟು ತೂಕ ಇಲ್ಲ ಅಂತಲೂ ಹೇಳಿತ್ತು.

ಮುಂದೆ ನಡೆದ ವಾದ ಓದಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಭಾರತ ಸರ್ಕಾರ ನ್ಯೂಯಾರ್ಕಿನಲ್ಲಿ ನಿಂತು, ನಮ್ಮ ಕೋರ್ಟುಗಳಿಗೆ ಇಷ್ಟು ದೊಡ್ಡ ಕೇಸ್ ನಡೆಸುವ ಶಕ್ತಿ ಇಲ್ಲ, ವರ್ಷಗಟ್ಟಲೆ ಎಳೆಯುತ್ತದೆ ಅಂತ ವಾದಿಸಿತು. ಅದಕ್ಕೆ ಭಾರತದ ಕಾನೂನನ್ನು ಆಳವಾಗಿ ಓದಿದ್ದ ಅಮೆರಿಕದ ಪ್ರೊಫೆಸರ್ ಮಾರ್ಕ್ ಗ್ಯಾಲಂಟರ್ ಅವರ ಅಫಿಡವಿಟ್. ಅಮೆರಿಕದ ಕಂಪನಿಯದ್ದು ಅದರ ಉಲ್ಟಾ ವಾದ, ಭಾರತದ ಕೋರ್ಟುಗಳು ಬಹಳ ಸಮರ್ಥ. ಅದಕ್ಕೆ ಅಫಿಡವಿಟ್ ಕೊಟ್ಟವರು ನಾನಿ ಪಾಲ್ಖಿವಾಲಾ. ಸಂವಿಧಾನದ ದೊಡ್ಡ ವಕೀಲರು, ಹಿಂದೆ ಅಮೆರಿಕದಲ್ಲಿ ಭಾರತದ ರಾಯಭಾರಿಯೂ ಆಗಿದ್ದವರು.

1986ರ ಮೇ 12ರಂದು ಕೀನನ್ ಕಂಪನಿಯ ಅರ್ಜಿ ಒಪ್ಪಿದರು. ಸಂತ್ರಸ್ತರು, ಕಾರ್ಖಾನೆ ನಡೆಸಿದವರು, ದಾಖಲೆಗಳು, ಪರವಾನಗಿ ಕೊಟ್ಟ ಇಲಾಖೆಗಳು ಎಲ್ಲಾ ಭಾರತದಲ್ಲಿವೆ ಅಂದರು. ಭಾರತದ ಕೋರ್ಟುಗಳು ಸಮರ್ಥವಾಗಿವೆ, ಕೇಸನ್ನು ಇಲ್ಲೇ ಇಟ್ಟುಕೊಂಡರೆ ಅದೂ ಒಂದು ಥರದ ಸಾಮ್ರಾಜ್ಯಶಾಹಿ ಆಗುತ್ತದೆ ಅಂತಲೂ ಬರೆದರು.

ಸುಮ್ನೆ ವಜಾ ಮಾಡಲಿಲ್ಲ, ಮೂರು ಷರತ್ತು ಹಾಕಿದರು. ಕಂಪನಿ ಭಾರತದ ಕೋರ್ಟಿನ ಅಧಿಕಾರ ಒಪ್ಪಬೇಕು, ಕಾಲಮಿತಿ ಮುಗಿದಿದೆ ಅಂತ ಅಲ್ಲಿ ತಕರಾರು ತೆಗೆಯಬಾರದು. ಭಾರತದ ಕೋರ್ಟ್ ನ್ಯಾಯವಾದ ರೀತಿಯಲ್ಲಿ ಕೊಟ್ಟ ತೀರ್ಪಿನಂತೆ ಹಣ ಕೊಡಬೇಕು. ಅಮೆರಿಕದ ನಿಯಮದಂತೆ ದಾಖಲೆಗಳನ್ನು ಬಿಟ್ಟುಕೊಡಬೇಕು. ಮುಂದಿನ ಜನವರಿಯಲ್ಲಿ ಅಪೀಲು ಕೋರ್ಟ್ ವಜಾವನ್ನು ಎತ್ತಿಹಿಡಿಯಿತು. ಆದರೆ ಷರತ್ತುಗಳಲ್ಲಿ ಮೊದಲನೆಯದನ್ನು ಉಳಿಸಿ ಉಳಿದ ಎರಡನ್ನು ಕಿತ್ತುಹಾಕಿತು.

ನ್ಯೂಯಾರ್ಕಿನ ಆದೇಶದಲ್ಲಿ ಯೂನಿಯನ್ ಕಾರ್ಬೈಡ್ ತಪ್ಪಿತಸ್ಥ ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. 1986ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ಭೋಪಾಲ್ ಜಿಲ್ಲಾ ಕೋರ್ಟಿನಲ್ಲಿ ದಾವೆ ಹಾಕಿತು. ಮಧ್ಯಂತರ ಪರಿಹಾರವಾಗಿ 350 ಕೋಟಿ ರೂಪಾಯಿ ಕೊಡಿ ಅಂತ ಆ ಕೋರ್ಟ್ 1987ರ ಡಿಸೆಂಬರ್‌ನಲ್ಲಿ ಹೇಳಿತು. ಹೈಕೋರ್ಟ್ ಅದನ್ನು 250 ಕೋಟಿಗೆ ಇಳಿಸಿತು. ಕೇಸ್ ಸುಪ್ರೀಂ ಕೋರ್ಟಿಗೆ ಹೋಗಿ 1989ರ ಫೆಬ್ರವರಿ 14ರಂದು 47 ಕೋಟಿ ಡಾಲರಿಗೆ ರಾಜಿಯಾಯಿತು. ಹೆಚ್ಚಿನ ಪರಿಹಾರ ಕೇಳಿ ಕೇಂದ್ರ ಸರ್ಕಾರ ಹಾಕಿದ್ದ ಕ್ಯುರೇಟಿವ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ವಜಾ ಮಾಡಿತು. ಭಾರತದಲ್ಲಿ ನಡೆದ ಕ್ರಿಮಿನಲ್ ಕೇಸ್ ಬೇರೆಯೇ. ಸಿವಿಲ್ ಕಡೆ ಮಾತ್ರ, ಅಲ್ಲಿ ವಜಾ, ಇಲ್ಲಿ ರಾಜಿ. ಮಾತೃ ಕಂಪನಿಯ ಹೊಣೆ ಎಷ್ಟು ಅಂತ ಆ ದೊಡ್ಡ ದಾವೆಯಲ್ಲಿ ಪೂರ್ತಿ ವಿಚಾರಣೆ ಎರಡೂ ದೇಶದಲ್ಲಿ ನಡೆಯಲಿಲ್ಲ.

ಮುಂದ್ರಾ ಮೀನುಗಾರರು: ಗೆದ್ದರೂ ವಜಾ

ಗುಜರಾತಿನ ಮುಂದ್ರಾದಲ್ಲಿ ಟಾಟಾ ಕಂಪನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಅದಕ್ಕೆ 45 ಕೋಟಿ ಡಾಲರ್ ಸಾಲ ಕೊಟ್ಟಿದ್ದು ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ. ಸ್ಥಾವರದಿಂದ ಮೀನು, ಬೆಳೆ, ನೀರು, ಗಾಳಿ ಹಾಳಾಯಿತು, ಸಾಲ ಕೊಟ್ಟವರು ತಮ್ಮದೇ ಪರಿಸರ ಷರತ್ತುಗಳನ್ನು ಪಾಲಿಸುವಂತೆ ನೋಡಿಕೊಳ್ಳಲಿಲ್ಲ ಅಂತ ಅಲ್ಲಿಯ ಮೀನುಗಾರರು, ರೈತರು, ಜೊತೆಗೆ ಒಂದು ಗ್ರಾಮ ಪಂಚಾಯತಿ ಸೇರಿ 2015ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಕೋರ್ಟಿಗೆ ಹೋದರು.

2016ರಲ್ಲಿ ವಜಾ. ಕಾರಣ, ಅಂತರರಾಷ್ಟ್ರೀಯ ಸಂಸ್ಥೆಗಳಿಗೆ 1945ರ ಕಾನೂನು ಕೊಡುವ ರಕ್ಷಣೆ. ಅದರಂತೆ ಐಎಫ್‌ಸಿ ಮೇಲೆ ಕೇಸ್ ಹಾಕುವಂತಿಲ್ಲ ಅಂತ ಕೋರ್ಟ್ ಅರ್ಥ ಮಾಡಿಕೊಂಡಿತು. ಅಪೀಲು ಕೋರ್ಟಿನಲ್ಲೂ ಸೋತರು. ಆದರೆ 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 7-1ರಲ್ಲಿ ಅವರ ಪರ ನಿಂತಿತು. ಇಂಥ ಸಂಸ್ಥೆಗಳಿಗೆ ಇರುವುದು ವಿದೇಶಿ ಸರ್ಕಾರಗಳಿಗೆ ಇರುವಷ್ಟೇ ರಕ್ಷಣೆ, ಪೂರ್ತಿ ರಕ್ಷಣೆ ಅಲ್ಲ ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಮೀನುಗಾರರಿಗೆ ಗೆಲುವು ಅಂತ ಆಗ ಸುದ್ದಿಯಾಯಿತು. ಗೆಲುವು ಹೌದು, ಆದರೆ ಕೇಸಿನಲ್ಲಲ್ಲ. ವಜಾ ಮಾಡಿದ ಕಾರಣ ತಪ್ಪು, ಮತ್ತೆ ನೋಡಿ ಅಂತ ಕೆಳಗೆ ಕಳಿಸಿದ್ದಷ್ಟೇ.

2020ರಲ್ಲಿ ಅದೇ ಡಿಸ್ಟ್ರಿಕ್ಟ್ ಕೋರ್ಟ್ ಮತ್ತೆ ವಜಾ ಮಾಡಿತು, ಈ ಸಲ ಬೇರೆ ಕಾರಣಕ್ಕೆ. ವಿದೇಶಿ ಸರ್ಕಾರದ ಮೇಲೆ ವ್ಯಾಪಾರದ ವಿಷಯಕ್ಕೆ ಕೇಸ್ ಹಾಕಬೇಕಾದರೆ ದೂರಿನ ತಿರುಳು ಅಮೆರಿಕದಲ್ಲಿ ನಡೆದದ್ದಾಗಿರಬೇಕು, ಇಲ್ಲಿ ಅದು ಭಾರತದಲ್ಲಿ ನಡೆದಿದೆ ಅಂದಿತು. 2021ರಲ್ಲಿ ಅಪೀಲು ಕೋರ್ಟ್ ಒಪ್ಪಿತು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೋಡಲು ಒಪ್ಪಲಿಲ್ಲ. ಏಳು ವರ್ಷ ಆಯಿತು, ಮುಂದ್ರಾದ ಸಮುದ್ರದಲ್ಲಿ ಮೀನು ಕಡಿಮೆಯಾಯಿತೋ ಇಲ್ಲವೋ ಅಂತ ಒಬ್ಬ ಸಾಕ್ಷಿಯ ವಿಚಾರಣೆಯೂ ಆಗಲಿಲ್ಲ.

ವಾದಿಯೇ ವಾಪಸ್ ತೆಗೆದುಕೊಂಡರೆ

ಕೆಲವು ಸಲ ವಜಾ ಅಂದರೆ ವಾದಿಗೆ ಬೇಕಾದ್ದು ಸಿಕ್ಕಿತು ಅಂತ. ತಮಾಷೆ ಅಲ್ಲ. ಅಮೆರಿಕದಲ್ಲಿರುವ ಎಷ್ಟೋ ಭಾರತೀಯರಿಗೆ ಇದು ಪರಿಚಿತ. ವೀಸಾ, ಗ್ರೀನ್ ಕಾರ್ಡ್ ಅಥವಾ ಪೌರತ್ವದ ಅರ್ಜಿ ತುಂಬಾ ಕಾಲ ಅಲ್ಲಾಡದೆ ಕೂತಾಗ, "ಹೌದು ಅನ್ನಿ, ಇಲ್ಲ ಅನ್ನಿ, ಏನಾದರೂ ನಿರ್ಧಾರ ಮಾಡಿ" ಅಂತ ವಲಸೆ ಇಲಾಖೆಯ ಮೇಲೆ ಫೆಡರಲ್ ಕೋರ್ಟಿಗೆ ಹೋಗುತ್ತಾರೆ. ಮ್ಯಾಂಡಮಸ್ ಕೇಸ್ ಅನ್ನುವುದು ಇದನ್ನೇ. ಸರ್ಕಾರಕ್ಕೆ ಉತ್ತರಿಸಲು 60 ದಿನ ಇರುತ್ತದಲ್ಲ, ಎಷ್ಟೋ ಸಲ ಅದರೊಳಗೇ ಇಲಾಖೆ ಕಡತ ತೆಗೆದು ನಿರ್ಧಾರ ಮಾಡಿಬಿಡುತ್ತದೆ. ಕೇಳಿದ್ದು ಆಗಿಹೋಯಿತು, ಇನ್ನು ನಡೆಸಲು ಏನೂ ಉಳಿದಿಲ್ಲ. ಕೇಸ್ ವಜಾ. ದಾಖಲೆಯಲ್ಲಿ ಮಾತ್ರ ಅದೂ ಬೇರೆಯವುಗಳ ಥರವೇ ಕಾಣುತ್ತದೆ.

ಪ್ರತಿವಾದಿ ಇನ್ನೂ ಉತ್ತರ ಕೊಟ್ಟಿಲ್ಲದಿದ್ದರೆ ವಾದಿ ಯಾರನ್ನೂ ಕೇಳದೆ ಒಂದು ಚೀಟಿ ಸಲ್ಲಿಸಿ ಕೇಸ್ ಹಿಂಪಡೆಯಬಹುದು. ಆಮೇಲಾದರೆ ಎಲ್ಲರೂ ಸಹಿ ಹಾಕಬೇಕು, ಇಲ್ಲವೇ ಜಡ್ಜ್ ಒಪ್ಪಬೇಕು. ಹೀಗೆ ಹಿಂಪಡೆದು ಮತ್ತೆ ಹಾಕುವ ಆಟ ಒಂದೇ ಸಲ. ಅದೇ ವಿಷಯಕ್ಕೆ ಎರಡನೇ ಬಾರಿ ಚೀಟಿ ಕೊಟ್ಟು ಹಿಂಪಡೆದರೆ ಅಲ್ಲಿಗೆ ಮುಗಿಯಿತು.

ರಾಜಿಯಾದ ಕೇಸುಗಳೂ ಹೀಗೇ ಮುಗಿಯುತ್ತವೆ. ಹಣ ಎಷ್ಟು ಅಂತ ಗುಟ್ಟಾಗಿರುತ್ತದೆ, ಎರಡೂ ಕಡೆಯವರು ಸೇರಿ ವಜಾ ಮಾಡಿ ಅಂತ ಬರೆದುಕೊಡುತ್ತಾರೆ.

ವಕೀಲರು ಬರದಿದ್ದರೆ

ನಮ್ಮಲ್ಲಿ ಗೈರುಹಾಜರಿಗೆ ಕೇಸ್ ಹೋಯಿತು ಅನ್ನುತ್ತಾರಲ್ಲ, ಅದು ಅಲ್ಲೂ ಇದೆ. ಇದರ ದೊಡ್ಡ ಉದಾಹರಣೆ ಇಂಡಿಯಾನಾ ರಾಜ್ಯದ್ದು. ರೈಲ್ವೆ ಕಂಪನಿಯೊಂದರ ಮೇಲೆ ಹಾಕಿದ ಅಪಘಾತದ ಕೇಸ್ ಆರು ವರ್ಷ ಎಳೆದಿತ್ತು. 1960ರ ಅಕ್ಟೋಬರ್‌ನಲ್ಲಿ ಒಂದು ದಿನ ಮಧ್ಯಾಹ್ನ 1 ಗಂಟೆಗೆ ವಕೀಲರಿಬ್ಬರೂ ಬರಬೇಕಿತ್ತು. ಬೆಳಿಗ್ಗೆ 10.45ಕ್ಕೆ ವಾದಿಯ ವಕೀಲರು ಇಂಡಿಯಾನಾಪೊಲಿಸ್‌ನಿಂದ ಫೋನ್ ಮಾಡಿ, ಬೇರೆ ಕೋರ್ಟಿನ ಕಾಗದ ತಯಾರಿಸುತ್ತಿದ್ದೇನೆ, ಇವತ್ತು ಆಗಲ್ಲ ಅಂದರು. ಜಡ್ಜ್ ಕೇಸನ್ನೇ ವಜಾ ಮಾಡಿದರು. 1962ರಲ್ಲಿ ಸುಪ್ರೀಂ ಕೋರ್ಟ್ 4-3ರಲ್ಲಿ ಅದನ್ನು ಒಪ್ಪಿತು. ವಕೀಲರನ್ನು ಆರಿಸಿಕೊಂಡಿದ್ದು ನೀವೇ, ಅವರು ಮಾಡಿದ್ದಕ್ಕೆ ನೀವೇ ಹೊಣೆ ಅಂದಿತು. ಪೆಟ್ಟು ತಿಂದವನ ಕೇಸು ವಕೀಲರ ಒಂದು ಗೈರಿಗೆ ಹೋಯಿತು. ಈಗಲೂ ಜಡ್ಜ್‌ಗಳು ಈ ತೀರ್ಪನ್ನು ಉಲ್ಲೇಖಿಸುತ್ತಾರೆ. ಆದರೆ ಅಪೀಲು ಕೋರ್ಟುಗಳು ಇದನ್ನು ಕೊನೆಯ ಅಸ್ತ್ರ ಅಂತಲೇ ನೋಡುತ್ತವೆ.

ಮತ್ತೆ ಹಾಕಬಹುದಾ?

ಸುದ್ದಿಯಲ್ಲಿ ಬಿಟ್ಟುಹೋಗುವ ಮುಖ್ಯ ವಿಷಯ ಇದು. ವಿತ್ ಪ್ರೆಜುಡಿಸ್ ಅಂತ ಬರೆದು ವಜಾ ಮಾಡಿದರೆ ಅದೇ ದೂರು ಹಿಡಿದು ಮತ್ತೆ ಬರುವಂತಿಲ್ಲ. ವಿತೌಟ್ ಪ್ರೆಜುಡಿಸ್ ಅಂತಿದ್ದರೆ ಸರಿಪಡಿಸಿಕೊಂಡು ಬರಬಹುದು. ಏನೂ ಬರೆಯದಿದ್ದರೆ? ಅಧಿಕಾರ ಇಲ್ಲ, ಊರು ತಪ್ಪು, ಬೇಕಾದವರನ್ನು ಸೇರಿಸಿಲ್ಲ ಅನ್ನುವ ಕಾರಣಗಳಿಗಾದರೆ ಮತ್ತೆ ಹಾಕಬಹುದು, ಬೇರೆ ಕಾರಣಕ್ಕಾದರೆ ಸಾಮಾನ್ಯವಾಗಿ ಮುಗಿದಂತೆ.

ಏಳನೇ ಕಾರಣಕ್ಕೆ ವಜಾ ಮಾಡುವಾಗ, ವಾದಪತ್ರ ತಿದ್ದಿ ತನ್ನಿ ಅಂತ ಒಂದು ಅವಕಾಶ ಕೊಡುವುದು ಸಾಮಾನ್ಯ. ಆದ್ದರಿಂದ ಒಂದೇ ಕೇಸಿನ ಬಗ್ಗೆ ವಜಾ, ಮತ್ತೆ ಸಲ್ಲಿಕೆ, ಮತ್ತೆ ವಜಾ ಅಂತ ಮೂರು ನಾಲ್ಕು ಸುದ್ದಿ ಬರುವುದುಂಟು. ಹತ್ತು ಆರೋಪದಲ್ಲಿ ಏಳು ಹೋಗಿ ಮೂರು ಉಳಿಯುವುದೂ ಉಂಟು. ಆಗ ಒಂದು ಪತ್ರಿಕೆ "ಕೇಸ್ ವಜಾ" ಅಂತಲೂ ಇನ್ನೊಂದು "ಕೇಸ್ ಮುಂದುವರಿಸಲು ಅಸ್ತು" ಅಂತಲೂ ಬರೆಯುತ್ತದೆ. ಎರಡೂ ಅರ್ಧ ನಿಜ.

ಮತ್ತೆ ಹಾಕಬಹುದು ಅಂತ ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಹಾಗೆ ವಜಾ ಆದ ಕೇಸನ್ನು ಮೊದಲಿಂದಲೂ ಹಾಕೇ ಇರಲಿಲ್ಲ ಅನ್ನುವಂತೆ ನೋಡುವುದು ವಾಡಿಕೆ. ಎರಡು ವರ್ಷದೊಳಗೆ ಹಾಕಬೇಕಾದ ದೂರನ್ನು ಕೊನೆ ವಾರದಲ್ಲಿ ಹಾಕಿ, ಆರು ತಿಂಗಳ ಮೇಲೆ ಅದು ವಜಾ ಆದರೆ, ಕಾಗದದ ಮೇಲೆ ಹಕ್ಕು ಉಳಿದಿದ್ದರೂ ಕಾಲಮಿತಿ ದಾಟಿಹೋಗಿರುತ್ತದೆ. ಕೆಲವು ಕಾನೂನುಗಳಲ್ಲಿ ಇದಕ್ಕೆ ರಿಯಾಯಿತಿ ಇದೆ, ಎಲ್ಲದರಲ್ಲೂ ಇಲ್ಲ. ಅಪೀಲು ಹೋಗುವುದಾದರೆ 30 ದಿನ, ಸರ್ಕಾರ ಕಕ್ಷಿದಾರ ಆಗಿದ್ದರೆ 60 ದಿನ.

ಆದೇಶವನ್ನೇ ಓದಬೇಕೆಂದರೆ

ಫೆಡರಲ್ ಕೋರ್ಟಿನ ಕಾಗದಪತ್ರ ಹೆಚ್ಚು ಕಡಿಮೆ ಎಲ್ಲಾ ಪೇಸರ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಭಾರತದಲ್ಲಿ ಕೂತು ನಾವೂ ಖಾತೆ ತೆರೆಯಬಹುದು. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ ಖರ್ಚು 30 ಡಾಲರ್ ದಾಟದಿದ್ದರೆ ಶುಲ್ಕವೇ ಇಲ್ಲ. ಹೆಸರುವಾಸಿ ಕೇಸುಗಳದ್ದಾದರೆ ಕೋರ್ಟ್‌ಲಿಸನರ್ ಅನ್ನುವ ತಾಣದಲ್ಲಿ ಎಷ್ಟೋ ದಾಖಲೆ ಉಚಿತವಾಗಿಯೇ ಸಿಗುತ್ತವೆ. ನಲವತ್ತು ಪುಟದ ಆದೇಶ ಪೂರ್ತಿ ಓದಬೇಕಾಗಿಲ್ಲ. ಮೊದಲ ಪುಟ ಅಥವಾ ಎರಡನೆಯದರಲ್ಲಿ ಯಾವ ನಿಯಮದಡಿ ಅರ್ಜಿ ಹಾಕಿದ್ದರು ಅಂತ ಇರುತ್ತದೆ. ಕೊನೆಯ ಪುಟದಲ್ಲಿ ಜಡ್ಜ್ ಸಹಿಯ ಮೇಲಿನ ಒಂದೆರಡು ಸಾಲಿನಲ್ಲಿ ಮತ್ತೆ ಹಾಕಬಹುದೋ ಇಲ್ಲವೋ, ತಿದ್ದಿ ತರಲು ಎಷ್ಟು ದಿನ ಕೊಟ್ಟಿದ್ದಾರೆ ಅನ್ನುವುದು ಇರುತ್ತದೆ.